ಅಣ್ಣ ಕಳಿಸಿದ್ದು ಯಾರಿಗೆ

ಅಣ್ಣನ ಮದುವೆಯ ದಿನ ಎಲ್ಲರೂ ಮದುಮಗಳ ಮುಖ ನೋಡುತ್ತಿದ್ದರು, ನಾನು ಅವಳ ಬೆರಳು ನೋಡುತ್ತಿದ್ದೆ. ಗುರುವಾಯನಕೆರೆಯ ಹತ್ತಿರದ ಹುಡುಗಿ, ಎಂಟನೇ ಕ್ಲಾಸು ಪಾಸಾದವಳು ಎಂದು ಮೊದಲೇ ಕೇಳಿದ್ದೆವು. ಅವಳ ಬಲಗೈಯ ನಡುಬೆರಳಿನ ಬದಿಯಲ್ಲಿ ಶಾಯಿಯ ಕಲೆಯಿತ್ತು. ಅರಸಿನ ಹಚ್ಚಿ ಮೀಯಿಸಿದರೂ ಹೋಗದ ಕಲೆ. ನನ್ನ ಬೆರಳುಗಳಲ್ಲಿದ್ದದ್ದು ಹೊಗೆಸೊಪ್ಪಿನ ಕಂದು ಬಣ್ಣ. ಬೀಡಿ ಕಟ್ಟುವವರ ಕೈ ಎಷ್ಟು ತಿಕ್ಕಿದರೂ ಅಷ್ಟೇ. ಆರತಿ ಎತ್ತಲು ನನ್ನನ್ನು ಕರೆದಾಗ ಆ ಕೈಯನ್ನು ಅವಳ ಮುಖದ ಎದುರಿಗೆ ಚಾಚಬೇಕಾಯಿತು. ಅವಳು ಕಣ್ಣು ತಗ್ಗಿಸಿಯೇ ಇದ್ದಳು, ಆದರೂ ಅವಳು ಅದನ್ನು ನೋಡಿಯೇ ನೋಡಿದಳು ಎಂದು ನನಗೆ ಅನಿಸಿತು.

ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಆದರೆ ಅಣ್ಣನ ಹೆಂಡತಿ ಅಂದ ಮೇಲೆ ಅತ್ತಿಗೆ, ನಾನು 'ನೀವು' ಎನ್ನಬೇಕು. ಅವಳು ನನ್ನನ್ನು ಅಕ್ಕ ಎಂದು ಕರೆದಳು, ಅವಳೂ 'ನೀವು' ಎಂದಳು. ಅವಳ ಮರ್ಯಾದೆಯೂ ನನಗೆ ಸಹಿಸಲಾಗಲಿಲ್ಲ.

ಅಣ್ಣ ಬೊಂಬಾಯಿಗೆ ಹೋದದ್ದು ಅದಕ್ಕೂ ಎಷ್ಟೋ ಮೊದಲು, ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ. ನಮ್ಮ ಮನೆ ನರಿಕೊಂಬಿನಲ್ಲಿ ಹೊಳೆಯ ಬದಿಗೆ. ದೋಣಿ ದಾಟಿದರೆ ಬಂಟ್ವಾಳ ಪೇಟೆ. ಅಪ್ಪ ತೀರಿಹೋಗಿದ್ದರು. ಗೇಣಿ ಕೊಟ್ಟು ಉಳಿದ ಅಕ್ಕಿ ಮಳೆಗಾಲ ದಾಟಲು ಸಾಕಾಗುತ್ತಿರಲಿಲ್ಲ. ಅಮ್ಮ ನನ್ನನ್ನು ಐದನೇ ಕ್ಲಾಸಿನಿಂದ ಬಿಡಿಸಿ ಬೀಡಿಯ ಮೊರದ ಎದುರು ಕೂರಿಸಿದ ವರ್ಷವೇ ಅಣ್ಣ ಮಂಗಳೂರಿನ ಬಂದರಿನಿಂದ ಹಡಗು ಹತ್ತಿದ. ಮೀಸೆ ಸರಿಯಾಗಿ ಮೂಡದ ಪ್ರಾಯ. ಬೊಂಬಾಯಿಯ ಕೋಟೆ ಪೇಟೆಯ ಕಡೆ ಒಂದು ಹೋಟೆಲಿನಲ್ಲಿ ಟೇಬಲು ಒರೆಸುವ ಕೆಲಸ ಸಿಕ್ಕಿತು. ಹೋಟೆಲಿನಲ್ಲೇ ಊಟ, ಅಲ್ಲೇ ಬೆಂಚಿನ ಮೇಲೆ ನಿದ್ದೆ. ಹಾಗಾಗಿ ಸಂಬಳದ ಹೆಚ್ಚಿನ ಪಾಲು ಊರಿಗೆ ಬರುತ್ತಿತ್ತು.

ಆಗ ದೋಣಿಯಲ್ಲಿ ಕೂತು ನಮ್ಮ ದಡವನ್ನು ನೋಡಿದರೆ ಸಾಕು, ಯಾರ ಮನೆಯವರು ಬೊಂಬಾಯಿಯಲ್ಲಿದ್ದಾರೆ ಎಂದು ಹೇಳಬಹುದಿತ್ತು. ಮುಳಿಹುಲ್ಲು ಹೊದೆಸಿದ ಮಾಡುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಹಂಚು ಕಾಣುತ್ತಿತ್ತು. ಹಂಚಿನ ಮನೆಯ ಹೆಂಗಸರು ದೋಣಿಯಲ್ಲಿ ನಡುವಿನ ಹಲಗೆಯ ಮೇಲೆ ಕೂರುತ್ತಿದ್ದರು, ನಾವು ಬದಿಯಲ್ಲಿ. ಹಾಗೆ ಯಾರೂ ಹೇಳಿದ್ದಲ್ಲ, ಹೇಗೋ ಹಾಗೆ ಆಗುತ್ತಿತ್ತು. ಅಣ್ಣನ ಮನಿಯಾರ್ಡರು ತಿಂಗಳು ತಿಂಗಳು ಬರಲು ಸುರುವಾದ ಮೇಲೆ ನಾನೂ ಒಂದು ದಿನ ನಡುವಿನ ಹಲಗೆಯ ಮೇಲೆ ಕೂತೆ. ಯಾರೂ ಏನೂ ಅನ್ನಲಿಲ್ಲ. ಆ ದಿನ ಹೊಳೆ ದಾಟಿದ ಸುಖ ಮತ್ತೆ ಯಾವ ದಿನವೂ ಸಿಗಲಿಲ್ಲ.

ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿನದು. ಗಂಡಸು ದುಡಿದದ್ದು ತಾಯಿಮನೆಗೆ, ಅಕ್ಕತಂಗಿಯರ ಮಕ್ಕಳಿಗೆ. ಅವನ ಹೆಂಡತಿಯನ್ನು ಅವಳ ತಾಯಿಮನೆಯವರು ನೋಡಿಕೊಳ್ಳಬೇಕು. ನಾನು ಒಬ್ಬಳೇ ತಂಗಿ. ನನಗೆ ಮದುವೆಯಾದರೂ ತಾಯಿಮನೆಯಲ್ಲೇ ಉಳಿದೆ. ನನ್ನವರು ಕಲ್ಲಡ್ಕದ ಒಂದು ಜೀನಸಂಗಡಿಯಲ್ಲಿ ಸಾಮಾನು ತೂಗುವ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಅವರ ಸಂಬಳ ಅವರ ತಾಯಿಗೂ ಬೇಕು, ನಮಗೂ ಬೇಕು. ನನ್ನ ಮಗಳು ಹುಟ್ಟಿದಾಗ ತೊಟ್ಟಿಲು, ಮಗುವಿನ ಬೆಳ್ಳಿಯ ಉಡಿದಾರ, ಬಾಣಂತಿಯ ಔಷಧಿ ಎಲ್ಲವೂ ಅಣ್ಣನದೇ. ಅಣ್ಣನ ದುಡಿಮೆ ಎಂದರೆ ನನ್ನದು ಎಂದೇ ತಿಳಿದಿದ್ದೆ.

ಆದರೆ ಆ ಕಟ್ಟು ಆಗಲೇ ಸಡಿಲವಾಗುತ್ತಿತ್ತು. ಅಣ್ಣನ ಮದುವೆಯ ಮರುವರ್ಷ ಟಪ್ಪಾಲಿನವರು ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಾ ಹೇಳಿದರು, "ನಿಮ್ಮ ಮಗ ಈಗ ಎರಡು ಕಡೆಗೆ ಕಳಿಸ್ತಾರಂತೆ ಅಲ್ವಾ? ಗುರುವಾಯನಕೆರೆಗೆ ಟಪ್ಪಾಲು ಹಂಚುವವ ನನ್ನ ಭಾವ, ಅವ ಹೇಳಿದ."

ಅಮ್ಮ "ಹೆಂಡತಿಗೆ ಕಳಿಸದೆ ಇರ್ಲಿಕ್ಕೆ ಆಗ್ತದಾ?" ಎಂದು ನಕ್ಕರು. ನಾನು ಒಳಗೆ ಹೋಗಿ ಬೀಡಿಯೆಲೆ ಕತ್ತರಿಸಿದೆ. ಕತ್ತರಿ ನರದ ಮೇಲೆ ಹೋಗಿ ಎಲೆ ಹಾಳಾಯಿತು. ಮತ್ತೊಂದು ತೆಗೆದೆ, ಅದೂ ಹಾಳಾಯಿತು.

ಅಂದಿನಿಂದ ನನಗೆ ಗುರುವಾಯನಕೆರೆಯ ಸುದ್ದಿ ಸಂಗ್ರಹಿಸುವುದೇ ಕೆಲಸವಾಯಿತು. ಬಳೆ ಮಾರುವ ಹೆಂಗಸು ಆ ಕಡೆಯಿಂದ ಬಂದರೆ ಬೇಡದ ಬಳೆ ಕೊಂಡು ಕೂರಿಸಿಕೊಳ್ಳುತ್ತಿದ್ದೆ. ಅತ್ತಿಗೆಯ ತಾಯಿಮನೆಯ ಬಾವಿಗೆ ಕಟ್ಟೆ ಕಟ್ಟಿಸಿದರಂತೆ, ರಾಟೆ ಹಾಕಿಸಿದರಂತೆ. ನಾವು ಇನ್ನೂ ಹೊಳೆಯಿಂದ ಕೊಡ ಹೊರುತ್ತಿದ್ದೆವು. ಅತ್ತಿಗೆಯ ತಂಗಿಯ ಮದುವೆಗೆ ಹೋದಾಗ ನಾನು ಊಟಕ್ಕಿಂತ ಹೆಚ್ಚು ಅವರ ಮನೆಯನ್ನೇ ನೋಡಿದೆ. ರಾಟೆ ನಿಜ. ಚಾವಡಿಯಲ್ಲಿ ಒರಗು ಕುರ್ಚಿ. ಒಳಕೋಣೆಯಲ್ಲಿ ಬಟ್ಟೆ ಮುಚ್ಚಿದ ಹೊಲಿಗೆ ಮಿಷನು. ಯಾರೂ ಇಲ್ಲದಾಗ ಬಟ್ಟೆ ಎತ್ತಿ ಅದರ ಚಕ್ರವನ್ನು ಒಮ್ಮೆ ತಿರುಗಿಸಿದೆ. ಎಣ್ಣೆ ಹಾಕಿದ ಚಕ್ರ, ಸದ್ದೇ ಇಲ್ಲದೆ ತಿರುಗಿತು. ಊರಿಗೆ ಬಂದ ಮೇಲೆ ಅಮ್ಮನಿಗೆ ಹೇಳಿದೆ, "ನಿಮ್ಮ ಮಗ ಅಲ್ಲಿ ಒಂದು ಪೇಟೆಯನ್ನೇ ಕಟ್ಟಿಸ್ತಾ ಇದ್ದಾನೆ."

"ಇಲ್ಲಿ ಕಟ್ಟಿಸಲಿಲ್ಲವಾ? ಮುಂದಿನ ಮಾಡು ಯಾರು ಹಂಚಿನದು ಮಾಡಿದ್ದು? ನಿನ್ನ ಮಗಳ ಮೈಮೇಲಿರುವ ಲಂಗ ಯಾರದ್ದು?"

ಅಮ್ಮ ಹೇಳಿದ್ದು ಸರಿಯೇ. ಊರಿನ ಶಾಲೆಗೆ ಗೋಡೆ ಎದ್ದದ್ದೂ ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುವ ನಮ್ಮೂರ ಹುಡುಗರು ಸೇರಿಸಿ ಕಳಿಸಿದ ಹಣದಿಂದ. ಅದರಲ್ಲಿ ಅಣ್ಣನ ಪಾಲೂ ಇತ್ತು. ಆಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಹೆಮ್ಮೆಯೇ ಆಯಿತು. ಊರಿಗೆಲ್ಲ ಕೊಟ್ಟರೂ ಅಡ್ಡಿಯಿಲ್ಲ, ಆ ಒಬ್ಬಳಿಗೆ ಕೊಡಬಾರದು ಎಂದಿತ್ತು ನನ್ನ ಲೆಕ್ಕ.

ಹೊಸ ಪೈಸೆ ಬಂದು ಜನರಿಗೆ ಅದು ರೂಢಿಯಾಗುತ್ತಿದ್ದ ಒಂದು ಬೇಸಗೆಯಲ್ಲಿ ಅಣ್ಣ ರಜೆಯ ಮೇಲೆ ಬಂದ. ಆಗ ಅವನು ಟೇಬಲು ಒರೆಸುವುದು ಬಿಟ್ಟು ಗಲ್ಲಾಪೆಟ್ಟಿಗೆಯ ಹತ್ತಿರ ಬಿಲ್ಲು ಬರೆಯುವವನಾಗಿದ್ದ. ನಮ್ಮ ಮನೆಯ ಹಿಂದಿನ ಭಾಗ, ಅಡುಗೆಕೋಣೆ ಮತ್ತು ಹಟ್ಟಿ, ಇನ್ನೂ ಹುಲ್ಲಿನದ್ದೇ ಆಗಿತ್ತು. ಮರ ಕೊಯ್ಯಿಸಿ, ಹಂಚು ಕೂರಿಸುವ ಪಕ್ಕಾಸು ಮಾಡಿ ಒಣಗಿಸಿ ಇಟ್ಟಿದ್ದೆವು. ಮಂಗಳೂರಿನಿಂದ ಹಂಚಿನ ದೋಣಿ ಬರುವುದೊಂದೇ ಬಾಕಿ. ಅತ್ತಿಗೆಯನ್ನೂ ಕರೆದುಕೊಂಡು ಬಂದಿದ್ದ. ಊಟವಾದ ಮೇಲೆ ವೀಳ್ಯಕ್ಕೆ ಸುಣ್ಣ ಸವರುತ್ತಾ ಅಮ್ಮನಿಗೆ ಹೇಳಿದ:

"ಹಿಂದಿನ ಮಾಡು ಈ ವರ್ಷ ಬೇಡ ಅಮ್ಮ. ಮುಂದೆ ನೋಡುವ."

"ಯಾಕೆ? ಪಕ್ಕಾಸು ಎಲ್ಲ ಆಗಿ ಉಂಟಲ್ಲ."

"ಇವಳಿಗೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ. ಹಾಸ್ಟೆಲಿನಲ್ಲಿ ನಿಲ್ಬೇಕು. ಎರಡೂ ಒಟ್ಟಿಗೆ ನನ್ನಿಂದ ಆಗುದಿಲ್ಲ."

ನಾನು ಬಾಗಿಲ ಬಳಿ ನಿಂತಿದ್ದವಳು ಮುಂದೆ ಬಂದೆ. "ಮದುವೆಯಾದವರಿಗೆ ಎಂತ ಟ್ರೈನಿಂಗು? ಮಳೆ ಬಂದ್ರೆ ಒಲೆಯ ಮೇಲೆ ಗಂಜಿಯ ಒಟ್ಟಿಗೆ ಮಾಡಿನ ನೀರೂ ಬೇಯ್ತದೆ ಇಲ್ಲಿ, ನಿನಗೆ ಗೊತ್ತುಂಟಾ?"

ಅತ್ತಿಗೆ ಎದ್ದು ನಿಂತಳು. "ಅಕ್ಕ, ನಾನು ಈಗ ಬೇಡ ಅಂತ ಹೇಳಿದ್ದೆ ಇವರ ಹತ್ತಿರ."

"ಬೇಡ ಅಂದವರು ಅರ್ಜಿ ಯಾಕೆ ಹಾಕಿದ್ದು?"

"ಹಾಕಿಸಿದ್ದು ನಾನು," ಎಂದ ಅಣ್ಣ. "ಅವಳನ್ನು ಕೇಳ್ಬೇಡ, ನನ್ನನ್ನು ಕೇಳು. ನಾನು ಹಗಲಿಡೀ ಎಂಜಲು ಲೋಟ ಎತ್ತಿ ರಾತ್ರಿ ಶಾಲೆಗೆ ಹೋದವ. ನಿದ್ದೆ ತೂಗಿ ತೂಗಿ ನಾಲ್ಕಕ್ಷರ ಕಲಿತದ್ದು. ನಮ್ಮಲ್ಲಿ ಒಬ್ಬರಾದರೂ ಹಗಲು ಹೊತ್ತಿನಲ್ಲಿ, ಬೆಳಕಿನಲ್ಲಿ ಕೂತು ಕಲೀಲಿ."

"ಐದನೇ ಕ್ಲಾಸಿನಲ್ಲಿ ನನ್ನನ್ನು ಬಿಡಿಸಿದ್ದು ಹಗಲು ಹೊತ್ತಿನಲ್ಲೇ," ಎಂದೆ. "ಆಗ ಯಾರಿಗೂ ಈ ಮಾತು ಬರಲಿಲ್ಲ."

ಅಣ್ಣನ ಕೈಯ ವೀಳ್ಯದೆಲೆ ಹಾಗೇ ಉಳಿಯಿತು. ಅಮ್ಮ "ಸಾಕು, ಒಳಗೆ ಹೋಗು" ಎಂದರು. ನಾನು ಹೋಗಲಿಲ್ಲ, ಅಂಗಳಕ್ಕಿಳಿದು ಹೊಳೆಯ ಕಡೆಗೆ ನಡೆದೆ. ಹಿಂದಿನಿಂದ ಅತ್ತಿಗೆ ಅಳುವುದು ಕೇಳಿಸಿತು. ಅಳಲಿ ಎಂದುಕೊಂಡೆ.

ಅವಳು ಮಂಗಳೂರಿಗೆ ಹೋದಳು. ಆ ಮಳೆಗಾಲ, ಅದರ ಮರು ಮಳೆಗಾಲ, ಅಡುಗೆಕೋಣೆ ಸೋರುವಾಗಲೆಲ್ಲ ಒಂದೊಂದು ಹನಿಯೂ ಹಾಸ್ಟೆಲಿನ ಫೀಸಿನ ಹಾಗೆ ನನಗೆ ಕಾಣುತ್ತಿತ್ತು. ಅವಳು ಪಾಸಾಗಿ ಮೂಡುಬಿದಿರೆಯ ಆಚೆಗೊಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾದಳು, ಪೇಟೆಯ ಬದಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಸಂಬಳ ಬರತೊಡಗಿದ ಮೇಲೂ ಅಣ್ಣನ ಮನಿಯಾರ್ಡರು ಎರಡು ಕಡೆಗೆ ಹೋಗುವುದು ನಿಲ್ಲಲಿಲ್ಲ. ನಮಗೆ ಬರುತ್ತಿದ್ದದ್ದು ಮಾತ್ರ ಸ್ವಲ್ಪ ಸ್ವಲ್ಪವೇ ಇಳಿಯಿತು. ನನಗೆ ಕಾರಣ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ತಿಳಿದಿದ್ದೆ.

ಆಮೇಲೆ ಒಂದು ವರ್ಷ ಮಳೆ ಹಿಡಿಯುವ ಹೊತ್ತಿಗೆ ಮನಿಯಾರ್ಡರು ಪೂರ್ತಿ ನಿಂತುಹೋಯಿತು. ಟಪ್ಪಾಲಿನವರು ಗದ್ದೆಯ ಹುಣಿಯ ಮೇಲೆ ಕೊಡೆ ಹಿಡಿದು ಹೋಗುವಾಗ ದೂರದಿಂದಲೇ ಕೈ ಅಲ್ಲಾಡಿಸುತ್ತಿದ್ದರು, ಇಲ್ಲ ಎಂದು. ಕಾಗದವೂ ಇಲ್ಲ. ಅಮ್ಮ "ಮಳೆಗೆ ರೈಲು ನಿಂತಿರ್ಬೇಕು" ಎಂದರು. ಮಳೆ ಬಿಡದ ಆಟಿ ತಿಂಗಳು ಬಂತು. ಹೊಳೆ ಕೆಂಪಾಗಿ ತುಂಬಿ ದೋಣಿ ನಿಂತಿತು, ಬೀಡಿ ಬ್ರಾಂಚಿಗೆ ಎಲೆ ಬರುವುದು ತಡವಾಯಿತು. ಮಗಳಿಗೂ ಅವಳ ಹಿಂದೆ ಹುಟ್ಟಿದ ಮಕ್ಕಳಿಗೂ ಹಲಸಿನ ಬೀಜ ಬೇಯಿಸಿ ಕೊಟ್ಟೆ. ಮಗಳಿಗೆ ಒಂದನೇ ಕ್ಲಾಸಿನಿಂದಲೂ ವರ್ಷ ವರ್ಷ ಪುಸ್ತಕ ತೆಗೆಸಿ ಕೊಡುತ್ತಿದ್ದವ ಅಣ್ಣ. ಆ ವರ್ಷ ಅವಳು ಬೇರೆಯವರ ಹರಿದ ಪುಸ್ತಕ ನೋಡಿ ಬರೆದುಕೊಂಡು ಬಂದಳು.

"ಬೊಂಬಾಯಿಯ ರೈಲು ಮೂಡುಬಿದಿರೆಗೆ ಬರುವುದು ನಿಂತಿಲ್ಲ ಕಾಣ್ತದೆ," ಎಂದೆ ನಾನು ಅಮ್ಮನಿಗೆ. "ಎಲ್ಲ ಅಲ್ಲೇ ಇಳೀತಾ ಉಂಟು. ನಾನು ಹೋಗಿ ನೋಡಿಯೇ ಬರ್ತೇನೆ."

"ಹೋಗಿ ಜಗಳ ಮಾಡ್ಬೇಡ ಮಾರಾಯ್ತಿ."

"ಜಗಳ ಮಾಡ್ಲಿಕ್ಕೇ ಹೋಗುದು."

ಒಂದು ಶನಿವಾರ ಹೊರಟೆ. ದೋಣಿ ಇಲ್ಲದ ಕಾರಣ ಪಾಣೆಮಂಗಳೂರಿನ ಸಂಕದವರೆಗೆ ನಡೆದು ಹೋಗಿ, ಅದರ ಮೇಲೆ ಹೊಳೆ ದಾಟಿ ಬಂಟ್ವಾಳದಲ್ಲಿ ಬಸ್ಸು ಹಿಡಿದೆ. ಬಸ್ಸಿನ ಕಿಟಕಿಗೆ ಇಳಿಬಿಟ್ಟ ಟಾರ್ಪಾಲಿನ ಸಂದಿಯಿಂದ ನೀರು ಬಡಿಯುತ್ತಿತ್ತು. ದಾರಿಯುದ್ದಕ್ಕೂ ನಾನು ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಹೊಸ ಸೀರೆ ಉಟ್ಟಿದ್ದರೆ ಇಂಥ ಮಾತು, ರೇಡಿಯೋ ಕಂಡರೆ ಇಂಥ ಮಾತು, ಬಾಗಿಲು ತೆಗೆದ ಕೂಡಲೇ ಇಂಥದ್ದು.

ಅವಳ ಕೋಣೆ ಒಬ್ಬರ ಮನೆಯ ಹಿಂಬದಿಯಲ್ಲಿತ್ತು. ಶಾಲೆಯಿಂದ ಆಗಷ್ಟೇ ಬಂದಿದ್ದಳೆಂದು ತೋರುತ್ತದೆ, ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದಳು. ನನ್ನನ್ನು ಕಂಡದ್ದೇ ಸೀರೆಯ ಅಂಚನ್ನು ಬಿಟ್ಟಳು.

"ಅಕ್ಕ! ಅವರಿಂದ ಕಾಗದ ಬಂತಾ?"

ಜೋಡಿಸಿಟ್ಟ ಮಾತು ಯಾವುದೂ ಇದಕ್ಕೆ ಹೊಂದುತ್ತಿರಲಿಲ್ಲ. ಆದರೂ ಬಿಡಲಿಲ್ಲ. "ಕಾಗದ ನಮಗೆ ಯಾಕೆ ಬರ್ತದೆ? ಹಣವೂ ಕಾಗದವೂ ನಿಮಗಲ್ವಾ? ಅಲ್ಲಿ ಮಕ್ಕಳು ಹಲಸಿನ ಬೀಜ ತಿಂದು ಮಲಗ್ತಾರೆ. ಮಳೆ ಸುರುವಾದಂದಿನಿಂದ ನಮಗೆ ಒಂದು ಕಾಸು ಬಂದಿಲ್ಲ."

ಅವಳು ನನ್ನನ್ನು ನೋಡಿದಳು. ನಾಚಿಕೆಯ, ಮೆತ್ತಗಿನ ಅತ್ತಿಗೆಯನ್ನಷ್ಟೇ ನಾನು ಕಂಡಿದ್ದೆ. ಆ ದಿನ ಅವಳ ಮುಖ ಕೆಂಪಾಯಿತು.

"ಸುಳ್ಳು ಹೇಳ್ಬೇಡಿ ಅಕ್ಕ."

"ಎಂತ?"

"ನನಗೆ ಬೇಸಗೆಯಿಂದಲೇ ಬಂದಿಲ್ಲ. ಹಿಂದಿನ ಮಾಡಿಗೆ ಹಂಚು ಹಾಕಿಸ್ತಾ ಇದ್ದಾರೆ, ಎಲ್ಲ ನರಿಕೊಂಬಿಗೇ ಹೋಗ್ತಾ ಉಂಟು ಅಂತ ನಾನು ಇಲ್ಲಿ ಉರಿದುಕೊಂಡು ಕೂತಿದ್ದೇನೆ. ಕೇಳಿದರೆ ಅವರಿಗೆ ಬೇಸರ ಆದೀತು ಅಂತ ಕೇಳಲೂ ಇಲ್ಲ. ಹಣ ಹೋಗ್ಲಿ, ಎರಡು ಗೆರೆ ಬರೀಲಿಕ್ಕೂ ಆಗುದಿಲ್ಲವಾ ಅವರಿಗೆ? ತಂಗಿ, ತಂಗಿಯ ಮಕ್ಕಳು. ರಜೆಯಲ್ಲಿ ಬಂದರೆ ಟ್ರಂಕು ಮೊದಲು ಅಲ್ಲಿಯೇ ತೆರೆಯಬೇಕು. ಖಾಲಿಯಾದ ಮೇಲೆ ನನ್ನ ಮನೆಗೆ ಬರುವುದು. ನನಗೆ ಒಂದು ಮಗು ಸಹ ಇಲ್ಲ. ನನಗೆ ಹೊಟ್ಟೆಕಿಚ್ಚು ಆಗುದಿಲ್ಲ ಅಂತ ತಿಳ್ಕೊಂಡಿದ್ದೀರಾ ನೀವು?"

ನಾನು ಹೊಸ್ತಿಲಲ್ಲೇ ಕೂತೆ. ಕೋಣೆಯಲ್ಲಿ ಒಂದು ಚಾಪೆ, ಟ್ರಂಕು, ಮಕ್ಕಳ ಸ್ಲೇಟುಗಳ ಒಂದು ಅಟ್ಟಿ, ಮಡಕೆಯಲ್ಲಿ ಬೆಳಗ್ಗಿನ ಗಂಜಿ. ರೇಡಿಯೋ ಇರಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ನನಗಾದದ್ದು ಸಂತೋಷ. ಇಷ್ಟು ವರ್ಷ ನಾನೊಬ್ಬಳೇ ಬೇಯುತ್ತಿದ್ದೇನೆ ಎಂದುಕೊಂಡಿದ್ದೆ. ಇವಳೂ ನನ್ನನ್ನು ನೋಡಿ ಬೇಯುತ್ತಿದ್ದಳು. ನನ್ನ ಹರಕು ಅಡುಗೆಕೋಣೆಯನ್ನು, ಮೂಗು ಸೋರುವ ಮಕ್ಕಳನ್ನು ಕಂಡು ಒಬ್ಬ ಟೀಚರಮ್ಮ ಹೊಟ್ಟೆ ಉರಿಸಿಕೊಂಡಿದ್ದಳು.

ಆ ಸಂತೋಷ ಹೆಚ್ಚು ಹೊತ್ತು ಇರಲಿಲ್ಲ. ಇಬ್ಬರಿಗೂ ಒಂದೇ ಸಲ ಹೊಳೆಯಿತು. ನನಗೂ ಇಲ್ಲ, ಅವಳಿಗೂ ಇಲ್ಲ ಎಂದ ಮೇಲೆ ಅಣ್ಣ ಎಲ್ಲಿ?

"ಗಂಜಿ ಉಣ್ಣಿ," ಎಂದಳು ಅತ್ತಿಗೆ. ಧ್ವನಿ ಬೇರೆಯೇ ಆಗಿತ್ತು. "ಉಂಡು ಹೊರಡುವ. ಪೇಟೆಯ ಹೋಟೆಲಿನಲ್ಲಿ ಒಬ್ಬರಿದ್ದಾರೆ, ಬೊಂಬಾಯಿಯಲ್ಲಿ ಇವರ ಒಟ್ಟಿಗೇ ಇದ್ದವರು. ಮೊನ್ನೆ ಊರಿಗೆ ಬಂದದ್ದಂತೆ. ನಾನೊಬ್ಬಳೇ ಹೋಗಿ ಕೇಳ್ಲಿಕ್ಕೆ ನಾಚಿಕೆ ಆಗಿತ್ತು."

ಮಳೆಯಲ್ಲಿ ಒಂದೇ ಕೊಡೆಯಡಿ ಇಬ್ಬರೂ ಹೋದೆವು. ಅವಳು ಕೊಡೆಯನ್ನು ನನ್ನ ಕಡೆಗೇ ಹಿಡಿಯುತ್ತಿದ್ದಳು, ನಾನು ಅದನ್ನು ಅವಳ ಕಡೆಗೆ ದೂಡುತ್ತಿದ್ದೆ, ಕೊನೆಗೆ ಇಬ್ಬರೂ ಒದ್ದೆಯಾದೆವು. ಹೋಟೆಲಿನ ಆ ಮನುಷ್ಯ ನಮ್ಮನ್ನು ನೋಡಿ ಅಡುಗೆಯ ಕಡೆಗೆ ಹೋಗಲು ಹೊರಟ. ಅತ್ತಿಗೆ ಅಡ್ಡ ನಿಂತು, ಕ್ಲಾಸಿನಲ್ಲಿ ಮಕ್ಕಳನ್ನು ಕೇಳುವ ಹಾಗೆ ಕೇಳಿದಳು: "ಅವರು ಎಲ್ಲಿದ್ದಾರೆ? ಹೇಗಿದ್ದಾರೆ? ಉಂಟು ಇಲ್ಲ ಅಂತ ಹೇಳಿ."

"ಉಂಟು ಮಾರಾಯ್ತಿ, ಜೀವಂತ ಇದ್ದಾರೆ," ಎಂದ ಅವನು. "ಹೋಟೆಲಿನ ವ್ಯಾಪಾರ ಇಳಿದು ಸಂಬಳ ಕಡಿಮೆ ಆಗ್ತಾ ಬಂದಿತ್ತು, ಕೊನೆಗೆ ಮಾರಿಹೋಯ್ತು. ಹೊಸ ಧಣಿ ಅವರ ಜನವನ್ನೇ ತಂದರು. ನಮ್ಮನ್ನೆಲ್ಲ ಹೊರಗೆ ಹಾಕಿದರು. ನಾನು ಊರಿಗೆ ಬಂದೆ, ಅವರು ಬರಲಿಲ್ಲ. ಯಾವುದೋ ಮಿಲ್ಲಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಉಣ್ತಾರೆ, ಸಂಬಳ ಇಲ್ಲ. ಊರಿಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದಾರೆ."

ಬಿಲ್ಲು ಬರೆಯುತ್ತಿದ್ದ ಅಣ್ಣ ಮತ್ತೆ ಎಂಜಲು ಪಾತ್ರೆಗೆ ಕೂತಿದ್ದಾನೆ. ಅತ್ತಿಗೆ ಗೋಡೆಗೆ ಕೈಕೊಟ್ಟು ನಿಂತಳು. ನಾನು ಅವಳ ತೋಳು ಹಿಡಿದೆ. ಅದಕ್ಕೂ ಮೊದಲು ಅವಳನ್ನು ನಾನು ಮುಟ್ಟಿದ ನೆನಪಿಲ್ಲ. ಹೊರಡುವ ಮುಂಚೆ ಆ ಮನುಷ್ಯನಿಂದ ಕ್ಯಾಂಟೀನಿನ ವಿಳಾಸವನ್ನು ಅವಳು ಬರೆಸಿಕೊಂಡಳು.

ಭಾನುವಾರವೂ ಅಲ್ಲೇ ಉಳಿದೆ. ಸೋಮವಾರ ಪೋಸ್ಟಾಫೀಸು ತೆರೆಯುವ ಹೊತ್ತಿಗೆ ನಾವಿಬ್ಬರೂ ಅದರ ಮೆಟ್ಟಿಲಲ್ಲಿದ್ದೆವು. ಅವಳು ತನ್ನ ಸಂಬಳ ತಂದಿದ್ದಳು. ನಾನು ಸೆರಗಿನ ಗಂಟು ಬಿಚ್ಚಿ ಬಸ್ಸಿಗೆ ಬೇಕಾದಷ್ಟು ಇಟ್ಟುಕೊಂಡು ಬೀಡಿಯ ಮಜೂರಿ ಕೊಟ್ಟೆ. ಕಿಟಕಿಯಾಚೆಯ ಗುಮಾಸ್ತರು ಫಾರ್ಮು ನೋಡಿ ಕನ್ನಡಕ ಮೇಲಕ್ಕೆ ಸರಿಸಿದರು.

"ಬೊಂಬಾಯಿಗಾ? ಅಲ್ಲಿಂದ ಬರುವುದನ್ನು ದಿನಾ ನೋಡ್ತೇನೆ. ಇಲ್ಲಿಂದ ಅಲ್ಲಿಗೆ ಹೋಗುವುದು ಬಹಳ ಅಪರೂಪ."

"ಈ ಸಲ ನಮ್ಮದು," ಎಂದಳು ಅತ್ತಿಗೆ.

ಕಳಿಸುವವರ ಜಾಗದಲ್ಲಿ ನನ್ನ ಹೆಸರನ್ನೂ ಬರೆದಳು. ನನಗೆ ಓದಲು ಬರುತ್ತಿತ್ತು, ಇಣುಕಿ ನೋಡಿದೆ. ಅವಳ ಅಕ್ಷರ ಎಷ್ಟು ದುಂಡಗೆ, ಎಷ್ಟು ಸಾಲಾಗಿ ಇತ್ತೆಂದರೆ, ಅಷ್ಟೆಲ್ಲ ಆದಮೇಲೂ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು. ನನ್ನ ಹೆಸರನ್ನು ನಾನೇ ಅಷ್ಟು ಚಂದ ಬರೆಯಲಾರೆ.

ಅಣ್ಣ ಆ ಹಣದಲ್ಲಿ ಊರಿಗೆ ಬರಲಿಲ್ಲ. ಅದನ್ನು ಮುಂಗಡವಾಗಿ ಕೊಟ್ಟು ಅದೇ ಮಿಲ್ಲಿನ ಕ್ಯಾಂಟೀನಿನಲ್ಲಿ ಚಾ, ತಿಂಡಿಯ ಪಾಲುಗಾರನಾದ. ದೀಪಾವಳಿಯ ಹೊತ್ತಿಗೆ ಟಪ್ಪಾಲಿನವರು ನಮ್ಮ ಅಂಗಳಕ್ಕೆ ಮತ್ತೆ ಇಳಿದರು. ಬೇಸಗೆಯಲ್ಲಿ ಅವನೇ ಬಂದ. ಕೆನ್ನೆ ಒಳಗೆ ಹೋಗಿತ್ತು, ಬೆರಳ ಸಂದುಗಳು ಸೋಡಾಪುಡಿಗೆ ಬಿರಿದಿದ್ದವು. ಅಮ್ಮ ಅವನ ಕೈಗೆ ಎಣ್ಣೆ ಹಚ್ಚಿದರು. ಜಗಲಿಯಲ್ಲಿ ನಾವೆಲ್ಲ ಕೂತಿದ್ದೆವು, ಅತ್ತಿಗೆಯೂ ಇದ್ದಳು.

"ಇನ್ನು ನೀವೇ ಹೇಳಿ," ಎಂದ ಅಣ್ಣ. "ಯಾರಿಗೆ ಎಷ್ಟು ಕಳಿಸಲಿ? ನನಗೆ ಇಬ್ಬರ ನಡುವೆ ತೂಗಿ ತೂಗಿ ಸಾಕಾಗಿದೆ."

ಅತ್ತಿಗೆಯೇ ಮೊದಲು ಹೇಳಿದಳು, "ನನಗೆ ಬೇಡ. ನನಗೆ ಸಂಬಳ ಉಂಟು. ಎಲ್ಲ ಇಲ್ಲಿಗೇ ಕಳಿಸಿ. ಮಾಡು ಆಗಲಿ, ಬಾವಿ ಆಗಲಿ. ಆದರೆ ಅಕ್ಕ ಒಂದು ಮಾತು ನಡೆಸಿಕೊಡ್ಬೇಕು. ಮಗಳನ್ನು ನನ್ನ ಹತ್ತಿರ ಬಿಡಬೇಕು. ಇಲ್ಲಿ ಶಾಲೆ ಐದನೇ ಕ್ಲಾಸಿನವರೆಗೆ ಮಾತ್ರ ಉಂಟು. ಮಳೆಗೆ ದೋಣಿ ನಿಂತರೆ ಆಚೆಯ ಶಾಲೆಯೂ ನಿಂತಿತು. ನಾನು ಅವಳನ್ನು ಹೈಸ್ಕೂಲು ಮುಗಿಸುವವರೆಗೆ ಓದಿಸ್ತೇನೆ."

ಅವಳ ಮದುವೆಯ ದಿನದಿಂದ ನಾನು ಬಯಸಿದ್ದು ಇದನ್ನೇ, ಅಣ್ಣನ ದುಡಿಮೆ ಪೂರ್ತಿ ನಮ್ಮ ಅಂಗಳಕ್ಕೆ ಇಳಿಯಬೇಕು ಎಂದು. ಅದು ಸಿಕ್ಕಿತು. ಸಿಕ್ಕಿದ ಗಳಿಗೆಯಲ್ಲಿ ನಾನು ಮಗಳ ಕಡೆ ನೋಡಿದೆ, ಅವಳು ಬೇಡ ಎಂದಾಳು, ನನ್ನ ಸೆರಗು ಹಿಡಿದಾಳು ಎಂದು. ಅವಳು ಅತ್ತಿಗೆಯನ್ನು ಕೇಳಿದಳು, "ಅತ್ತೆ, ಅಲ್ಲಿ ನನಗೆ ಹೊಸ ಪುಸ್ತಕ ಸಿಗ್ತದಾ?"

ಅಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ನಿನ್ನನ್ನು ಬಿಡಿಸಿದ್ದು ನಾನು," ಎಂದರು. "ಇವಳನ್ನು ನೀನು ಬಿಡಿಸ್ಬೇಡ."

ಕಳಿಸಿದೆ. ಹಿಂದಿನ ಮಾಡಿಗೆ ಹಂಚು ಬಂತು, ಬಾವಿಯೂ ಆಯಿತು, ರಾಟೆಯೂ ಬಂತು. ರಾಟೆಯ ಹಗ್ಗ ಎಳೆಯುವಾಗ ಗುರುವಾಯನಕೆರೆಯ ನೆನಪು ಬರುವುದು ನಿಂತಿತು, ಮೂಡುಬಿದಿರೆಯ ನೆನಪು ಬರತೊಡಗಿತು. ಈಗ ಬಳೆಯವಳ ಹತ್ತಿರ ಕೇಳುವ ಸುದ್ದಿಯೂ ಅಲ್ಲಿಯದ್ದೇ. ಮಗಳಿಗೆ ಯಾರು ಜಡೆ ಹಾಕುತ್ತಾರೆ, ಜ್ವರ ಬಂದರೆ ಯಾರನ್ನು ಕರೆಯುತ್ತಾಳೆ. ರಜೆಗೆ ಬಂದರೆ ಮಾತಿಗೆ ಮೊದಲು "ಅತ್ತೆ ಹೇಳಿದರು". ಗಂಜಿಗೆ ಹೀಗೆ ಒಗ್ಗರಣೆ ಹಾಕಬೇಕೆಂದು ಅತ್ತೆ ಹೇಳಿದರು, ಬೀಡಿಯ ಧೂಳು ಎದೆಗೆ ಆಗದು ಎಂದು ಅತ್ತೆ ಹೇಳಿದರು. ಮನೆಯಲ್ಲಿ ತುಳು ಮಾತಾಡುತ್ತಾ ಮಾತಾಡುತ್ತಾ ನಡುವೆ ಪುಸ್ತಕದ ಕನ್ನಡಕ್ಕೆ ಜಾರುತ್ತಿದ್ದಳು, ಒಂದೊಂದು ಶಬ್ದವನ್ನೂ ನಿಲ್ಲಿಸಿ ನಿಲ್ಲಿಸಿ, ಅತ್ತಿಗೆಯ ಹಾಗೆಯೇ. ಒಮ್ಮೆ ನನ್ನವರು ಕಲ್ಲಡ್ಕದಿಂದ ಬಂದಾಗ ನಾನು ಇದನ್ನೆಲ್ಲ ಹೇಳಿ ಕಣ್ಣೀರು ಹಾಕಿದೆ. ಅವರು ಎಲೆಅಡಿಕೆ ಉಗುಳಿ ಬಂದು, "ಇಷ್ಟು ವರ್ಷ ನಿನಗೆ 'ಅಣ್ಣ ಹೇಳಿದ' ಇರಲಿಲ್ಲವಾ? ನಾನು ಕೇಳಿಸಿಕೊಂಡು ಕೂತಿರಲಿಲ್ಲವಾ?" ಎಂದರು. ಅವರಿಗೂ ಒಂದು ಹೊಟ್ಟೆಯಿದೆ, ಅದರಲ್ಲೂ ಏನೋ ಉರಿದಿರಬಹುದು ಎಂದು ನನಗೆ ಅಷ್ಟು ದಿನ ಹೊಳೆದೇ ಇರಲಿಲ್ಲ.

ಮಗಳು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ತಂದದ್ದು ಅವಳೂ ಅತ್ತಿಗೆಯೂ ಒಟ್ಟಿಗೆ. ನಮ್ಮ ದಡದಲ್ಲಿ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು ಆಗ ಬೆರಳೆಣಿಕೆಯಷ್ಟು. ದೋಣಿಯಿಂದ ಇಳಿದು ಹುಣಿಯ ಮೇಲೆ ಒಬ್ಬರ ಹಿಂದೊಬ್ಬರು ಬರುವುದನ್ನು ಅಂಗಳದಿಂದ ನೋಡಿದೆ. ಮಗಳು ಅಜ್ಜಿಯ ಕಾಲು ಮುಟ್ಟಿದಳು, ಆಮೇಲೆ ನನ್ನದು. ನೆರೆಮನೆಯ ಹೆಂಗಸರು ಬಂದು ಸೇರಿದರು. ಎಲ್ಲರಿಗೂ ಬೆಲ್ಲ ನೀರು ಕೊಟ್ಟೆ. ಅವರಲ್ಲೊಬ್ಬಳು ಮಗಳು ಮಾತಾಡುವುದನ್ನು ಬಾಯಿ ತೆರೆದು ಕೇಳಿ, ನನ್ನ ಕಡೆ ತಿರುಗಿದಳು.

"ನಿನ್ನ ಮಗಳು ಅವಳ ಅತ್ತೆಯ ಹಾಗೆಯೇ ಆಗಿದ್ದಾಳೆ ಮಾರಾಯ್ತಿ. ನಿನ್ನದು ಎಂತ ಉಂಟು ಅವಳಲ್ಲಿ?"

ಅತ್ತಿಗೆ ಗಾಬರಿಯಿಂದ ನನ್ನನ್ನೇ ನೋಡಿದಳು. ನನಗೆ ಚುಚ್ಚಿತು, ಚುಚ್ಚದೆ ಇರಲಿಲ್ಲ.

"ಪುಸ್ತಕ ಅವಳ ಮಾವನದ್ದು," ಎಂದೆ. "ಮಾತು ಅವಳ ಅತ್ತೆಯದ್ದು. ಆ ಚಪ್ಪಟೆ ಮೂಗು ನೋಡು, ಅದು ನನ್ನದು. ಅದನ್ನು ಯಾರಿಗೂ ಕೊಡುದಿಲ್ಲ."

ಎಲ್ಲರೂ ನಕ್ಕರು, ಅತ್ತಿಗೆ ಎಲ್ಲರಿಗಿಂತ ಹೆಚ್ಚು. ಮಗಳು ಮಾತ್ರ ಮೂಗು ಮುಟ್ಟಿಕೊಂಡು ಸಿಟ್ಟಿನಿಂದ ಒಳಗೆ ಹೋದಳು.